ಬಳ್ಳಾರಿ ತಂಡದ ನಾಟಕ ನೋಡಿ ತಮಿಳು ರಂಗಭೂಮಿ ಕಟ್ಟಿದ ವಕೀಲ: ಪಮ್ಮಲ್ ಸಂಬಂಧ ಮೊದಲಿಯಾರ್

ಚೆನ್ನೈ: ಗಿಂಡಿಯಲ್ಲಿ ಮೆಟ್ರೋ ನೀಲಿ ಮಾರ್ಗದ ರೈಲು ಹತ್ತಿದರೆ ಎಲ್ಲೂ ಬದಲಿಸದೆ ನೇರವಾಗಿ ಸೆಂಟ್ರಲ್ ತಲುಪಬಹುದು. ಅಲ್ಲಿ ರಿಪ್ಪನ್ ಬಿಲ್ಡಿಂಗ್ ಪಕ್ಕದಲ್ಲೇ ಕೆಂಪು ಇಟ್ಟಿಗೆಯ ಹಳೆಯ ಕಟ್ಟಡವೊಂದಿದೆ. ಅದೇ ವಿಕ್ಟೋರಿಯಾ ಪಬ್ಲಿಕ್ ಹಾಲ್. ಬೆಂಗಳೂರಿನಿಂದ ರೈಲಿನಲ್ಲಿ ಬಂದು ಸೆಂಟ್ರಲ್‌ನಲ್ಲಿ ಇಳಿಯುವ ಕನ್ನಡಿಗರು ಇದನ್ನು ನೋಡಿಯೇ ಇರುತ್ತಾರೆ. ಆದರೆ ತಮಿಳು ರಂಗಭೂಮಿಯ ಹೊಸ ಯುಗ ಶುರುವಾಗಿದ್ದು ಇದೇ ಸಭಾಂಗಣದಲ್ಲಿ, ಅದಕ್ಕೆ ಕಾರಣವಾಗಿದ್ದು ನಮ್ಮ ಬಳ್ಳಾರಿಯ ತಂಡ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ಆ ಯುಗದ ನಾಯಕ ಪಮ್ಮಲ್ ಸಂಬಂಧ ಮೊದಲಿಯಾರ್. ಹೆಸರಿನ ಮೊದಲಿಗಿರುವ ಪಮ್ಮಲ್ ಅವರ ಮನೆತನದ ಊರು. ಗಿಂಡಿಯಿಂದ ತಾಂಬರಂ ಕಡೆಗೆ ಹೋಗುವಾಗ ಸಿಗುವ ಪಲ್ಲಾವರಂ ಪಕ್ಕದಲ್ಲಿದೆ.

ಆ ಒಂದು ನಾಟಕ

ಸಂಬಂಧ ಮೊದಲಿಯಾರ್ ಹುಟ್ಟಿದ್ದು 1873ರಲ್ಲಿ, ಮದ್ರಾಸಿನಲ್ಲಿ. ಓದು ಬರಹದ ಮನೆ. ಆ ಕಾಲದಲ್ಲಿ ಓದಿದವರು ನಾಟಕದಿಂದ ದೂರ ಇರುತ್ತಿದ್ದರು. ಬಣ್ಣ ಹಚ್ಚುವವರಿಗೆ ಸಮಾಜದಲ್ಲಿ ಮರ್ಯಾದೆ ಇರಲಿಲ್ಲ. ಬಾಲಕ ಸಂಬಂಧರಿಗೂ ತಮಿಳು ನಾಟಕದ ಮೇಲೆ ಒಲವು ಇರಲಿಲ್ಲ.

1891ರಲ್ಲಿ ಬಳ್ಳಾರಿಯಿಂದ ಸರಸ ವಿನೋದಿನಿ ಸಭಾ ತಂಡ ಮದ್ರಾಸಿಗೆ ಬಂದು ವಿಕ್ಟೋರಿಯಾ ಪಬ್ಲಿಕ್ ಹಾಲ್‌ನಲ್ಲಿ ತೆಲುಗು ನಾಟಕ ಆಡಿತು. ತಂಡದ ಮುಖ್ಯಸ್ಥ ಧರ್ಮವರಂ ರಾಮಕೃಷ್ಣಮಾಚಾರ್ಯರು ವೃತ್ತಿಯಿಂದ ವಕೀಲರು. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಕನ್ನಡ ಮತ್ತು ತೆಲುಗು ಎರಡೂ ಅಲ್ಲಿ ಮನೆಮಾತು. ಕೋರ್ಟಿನಲ್ಲಿ ವಾದ ಮಾಡುವ ವ್ಯಕ್ತಿ ಯಾವ ಸಂಕೋಚವೂ ಇಲ್ಲದೆ ರಂಗದ ಮೇಲೆ ನಿಂತಿದ್ದು ಹದಿನೆಂಟರ ಯುವಕನ ಕಣ್ಣು ತೆರೆಸಿತು.

ಅದೇ ವರ್ಷ ಜುಲೈ 1ರಂದು ಗೆಳೆಯರ ಜೊತೆ ಸೇರಿ ಸಂಬಂಧ ಮೊದಲಿಯಾರ್ ಸುಗುಣ ವಿಲಾಸ ಸಭಾ ಸ್ಥಾಪಿಸಿದರು. ಆಚಾರ್ಯರ ಸೋದರಳಿಯನೇ ಮುಂದೆ ಬಳ್ಳಾರಿ ರಾಘವ ಎಂದು ಹೆಸರಾದ ಮಹಾನಟ. ಅವರೂ ವಕೀಲರೇ!

ಹಗಲು ಕೋರ್ಟು, ಸಂಜೆ ರಂಗ

ಸಂಬಂಧ ಮೊದಲಿಯಾರ್ ಕಾನೂನು ಓದಿ ವಕೀಲರಾದರು, 1920ರ ದಶಕದಲ್ಲಿ ಸ್ಮಾಲ್ ಕಾಸಸ್ ಕೋರ್ಟಿನ ನ್ಯಾಯಾಧೀಶರೂ ಆದರು. ಆದರೂ ನಾಟಕ ಬಿಡಲಿಲ್ಲ. ತೊಂಬತ್ತಕ್ಕೂ ಹೆಚ್ಚು ನಾಟಕ ಬರೆದರು. ಷೇಕ್ಸ್‌ಪಿಯರ್‌ನ ಹ್ಯಾಮ್ಲೆಟ್ ಅನ್ನು ಅಮಲಾದಿತ್ಯನ್ ಎಂಬ ಹೆಸರಿನಲ್ಲಿ ತಮಿಳಿಗೆ ಒಗ್ಗಿಸಿದರು. ಹಾಡಿಗಿಂತ ಗದ್ಯದ ಮಾತಿಗೆ ಒತ್ತು ಕೊಟ್ಟರು. ರಾತ್ರಿಯಿಡೀ ನಡೆಯುತ್ತಿದ್ದ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಿದರು.

ಸ್ವಾತಂತ್ರ್ಯ ಹೋರಾಟಗಾರ ಎಸ್. ಸತ್ಯಮೂರ್ತಿ ಕೂಡ ಈ ಸಭಾದ ನಾಟಕಗಳಲ್ಲಿ ಪಾತ್ರ ಮಾಡಿದವರು. ಸ್ತ್ರೀ ಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದರು. ಮೊದಲಿಯಾರ್ ನಾಯಕನಾದರೆ ಆಪ್ತ ಗೆಳೆಯ ರಂಗವಡಿವೇಲು ನಾಯಕಿ. ಈ ಜೋಡಿ ಮದ್ರಾಸಿನಲ್ಲಿ ಮನೆಮಾತಾಗಿತ್ತು. ರಂಗವಡಿವೇಲು ತೀರಿಕೊಂಡಾಗ ಮೊದಲಿಯಾರ್ ಕುಗ್ಗಿ ಹೋದರು.

ತಮ್ಮ ರಂಗಾನುಭವವನ್ನು ಆರು ಭಾಗಗಳ ಪುಸ್ತಕವಾಗಿ ಬರೆದಿಟ್ಟರು. ಅವರ ಸಭಾಪತಿ 1941ರಲ್ಲಿ, ಮನೋಹರ 1954ರಲ್ಲಿ ಸಿನಿಮಾ ಆದವು. ಮನೋಹರದ ನಾಯಕ ಶಿವಾಜಿ ಗಣೇಶನ್. 1959ರಲ್ಲಿ ಮೊದಲಿಯಾರ್ ಅವರಿಗೆ ಪದ್ಮಭೂಷಣ ಬಂತು. 1964ರಲ್ಲಿ, 91ನೇ ವಯಸ್ಸಿನಲ್ಲಿ ಅವರು ಕಣ್ಣು ಮುಚ್ಚಿದರು.

ಹಾಲ್ ಕತೆ ಏನಾಯ್ತು?

ವಿಕ್ಟೋರಿಯಾ ಪಬ್ಲಿಕ್ ಹಾಲ್ ವಿನ್ಯಾಸ ರಾಬರ್ಟ್ ಚಿಶೋಮ್ ಅವರದು, ಕಟ್ಟಿದವರು ಗುತ್ತಿಗೆದಾರ ನಂಪೆರುಮಾಳ್ ಚೆಟ್ಟಿ. 1883ರಲ್ಲಿ ಅಡಿಗಲ್ಲು ಬಿತ್ತು, ವಿಜಯನಗರಂ ಮಹಾರಾಜರು ದೊಡ್ಡ ದೇಣಿಗೆ ಕೊಟ್ಟರು. ರಾಣಿ ವಿಕ್ಟೋರಿಯಾ ಆಳ್ವಿಕೆಯ 50ನೇ ವರ್ಷದ ನೆನಪಿಗೆ ಅವರ ಹೆಸರಿಡಲಾಯಿತು. ಮದ್ರಾಸಿನವರು ಚಲಿಸುವ ಚಿತ್ರವನ್ನು ಮೊದಲು ಕಂಡಿದ್ದೂ ಇಲ್ಲಿಯೇ. ಸುಗುಣ ವಿಲಾಸ ಸಭಾ 1936ರವರೆಗೆ ಇದನ್ನೇ ನೆಲೆ ಮಾಡಿಕೊಂಡಿತ್ತು.

ಸಿನಿಮಾ ಬಂದ ಮೇಲೆ ನಾಟಕ ಕಡಿಮೆಯಾಯಿತು. ಹಾಲ್ ಸುತ್ತ ಅಂಗಡಿಗಳು ಎದ್ದವು, ಗುತ್ತಿಗೆ ವಿವಾದ ಕೋರ್ಟ್ ಮೆಟ್ಟಿಲೇರಿತು. ದುರಸ್ತಿ ಶುರುವಾಗುವುದು, ಅರ್ಧಕ್ಕೆ ನಿಲ್ಲುವುದು ಹೀಗೆ ದಶಕಗಳು ಕಳೆದವು. ಕೊನೆಗೆ 2023ರಲ್ಲಿ ಚೆನ್ನೈ ಮಹಾನಗರ ಪಾಲಿಕೆ ಸಿಂಗಾರ ಚೆನ್ನೈ 2.0 ಯೋಜನೆಯಡಿ ಸುಮಾರು 32 ಕೋಟಿ ರೂಪಾಯಿ ವೆಚ್ಚದ ಜೀರ್ಣೋದ್ಧಾರ ಕೈಗೆತ್ತಿಕೊಂಡಿತು.

ಇಂಥ ಕಟ್ಟಡಗಳ ದುರಸ್ತಿ ಸುಲಭವಲ್ಲ. ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು ಇಟ್ಟಿಗೆ ಪುಡಿಯಾಗುತ್ತದೆ. ಹಾಗಾಗಿ ಹಳೆಯ ಪದ್ಧತಿಯ ಸುಣ್ಣದ ಗಾರೆಯೇ ಬೇಕು, ಅದನ್ನು ಬಲ್ಲ ಕೆಲಸಗಾರರೂ ಬೇಕು. ಕಾಲಕಾಲಕ್ಕೆ ಅಡ್ಡಾದಿಡ್ಡಿಯಾಗಿ ಸೇರಿಸಿದ್ದನ್ನು ಮೂಲ ಗೋಡೆಗೆ ಪೆಟ್ಟಾಗದಂತೆ ತೆಗೆಯಬೇಕು.

ಗೋಡೆ ಗಟ್ಟಿಯಾದರೆ ಸಾಲದು, ರಂಗದ ಮೇಲೆ ಆಟವೂ ನಡೆಯಬೇಕು. 1891ರಲ್ಲಿ ಬೇರೆ ಊರಿನ ತಂಡಕ್ಕೆ, ಬೇರೆ ಭಾಷೆಯ ನಾಟಕಕ್ಕೆ ಈ ಹಾಲ್ ಬಾಗಿಲು ತೆರೆದಿದ್ದರಿಂದಲೇ ತಮಿಳಿಗೆ ಒಬ್ಬ ಸಂಬಂಧ ಮೊದಲಿಯಾರ್ ಸಿಕ್ಕರು. ಬಳ್ಳಾರಿಯಿಂದ ಇನ್ನೊಂದು ತಂಡ ಬಂದು ಇದೇ ರಂಗದ ಮೇಲೆ ಕನ್ನಡ ನಾಟಕ ಆಡಿದರೆ, ಆ ಹಳೆಯ ನಂಟಿಗೆ ಅದಕ್ಕಿಂತ ದೊಡ್ಡ ಗೌರವ ಬೇರೆ ಇರಲಾರದು.