ಹೃದಯವನ್ನು ಎಚ್ಚರಿಸುವ ಹರಳು

ಆಸ್ಪತ್ರೆಯಲ್ಲಿ ರೋಗಿಯ ಎದೆಬಡಿತ ನಿಂತುಹೋದಾಗ, ವೈದ್ಯರು ಅವನ ಎದೆಯನ್ನು ಒತ್ತುತ್ತ ರಕ್ತನಾಳದೊಳಕ್ಕೆ ಒಂದು ಮದ್ದನ್ನು ಚುಚ್ಚುತ್ತಾರೆ. ಒಂದು ಸಲಕ್ಕೆ 1 ಮಿಲಿಗ್ರಾಮ್ ಮಾತ್ರ. ಅದು ರಕ್ತನಾಳಗಳನ್ನು ಬಿಗಿಹಿಡಿದು ಹೃದಯದ ಮಾಂಸಕ್ಕೆ ರಕ್ತವನ್ನು ನೂಕುತ್ತದೆ, ಮಲಗಿದ ಹೃದಯವನ್ನು ಮಿಡಿಯುವಂತೆ ಪ್ರಚೋದಿಸುತ್ತದೆ. ಪ್ರತಿ ಸಲವೂ ಜೀವ ಮರಳುವುದೆಂದಲ್ಲ. ಮರಳಿದಾಗ ಮಾತ್ರ ಅದೊಂದು ಪುನರ್ಜನ್ಮವೇ ಸರಿ. ಈ ಮದ್ದು ಅಡ್ರಿನಾಲಿನ್. ಇದನ್ನು ಶುದ್ಧವಾದ ಹರಳಿನ ರೂಪದಲ್ಲಿ ಲೋಕಕ್ಕೆ ನೀಡಿದ ಕೀರ್ತಿ ಜಪಾನಿನ ಜೋಕಿಚಿ ತಕಾಮಿನೆಯದು. ಆದರೆ ಆ ಕೀರ್ತಿಯ ಬೆನ್ನಿಗೆ ಒಂದು ಋಣವೂ ಅಂಟಿಕೊಂಡಿದೆ.

ತಕಾಮಿನೆ 1854ರಲ್ಲಿ ತಕಾಓಕಾ ಎಂಬ ಊರಿನಲ್ಲಿ ಹುಟ್ಟಿ ಕನಜಾವಾದಲ್ಲಿ ಬೆಳೆದನು. ತಂದೆ ವೈದ್ಯ, ತಾಯಿ ಅಕ್ಕಿಯ ಮದ್ಯವನ್ನು ತಯಾರಿಸುವ ಮನೆತನದವಳು. ತಂದೆಯ ಔಷಧ, ತಾಯಿಯ ತವರಿನ ಹುದುಗು—ಇವೆರಡೂ ಮುಂದೆ ಮಗನ ಕೈಯಲ್ಲಿ ಒಂದಾಗಲಿದ್ದುವು. ಟೋಕಿಯೋದಲ್ಲಿಯೂ ಆಮೇಲೆ ಗ್ಲಾಸ್ಗೋದಲ್ಲಿಯೂ ಅವನು ರಸಾಯನಶಾಸ್ತ್ರವನ್ನು ಕಲಿತನು. 1884ರಲ್ಲಿ ನ್ಯೂ ಆರ್ಲಿಯನ್ಸಿನ ವಸ್ತುಪ್ರದರ್ಶನಕ್ಕೆ ಹೋದಾಗ ಕ್ಯಾರೊಲೈನ್ ಹಿಚ್ ಎಂಬ ತರುಣಿಯ ಪರಿಚಯವಾಯಿತು. 1887ರಲ್ಲಿ ಅವಳ ಕೈಹಿಡಿದನು.

1890ರಲ್ಲಿ ಅವನು ಸಂಸಾರಸಮೇತ ಅಮೆರಿಕಕ್ಕೆ ಹೊರಟನು. ಅಲ್ಲಿ ಮದ್ಯದ ತಯಾರಿಕೆಗೆ ಮೊಳೆತ ಬಾರ್ಲಿಯನ್ನು ಬಳಸುತ್ತಿದ್ದರು. ಅದರ ಬದಲು ತನ್ನ ನಾಡಿನ ಬೂಷ್ಟನ್ನು ಬಳಸಬಹುದೆಂಬುದು ಅವನ ಯೋಚನೆ. ಪಿಯೋರಿಯಾ ನಗರದಲ್ಲಿ ಕೆಲಸ ಕೈಗೂಡುವಷ್ಟರಲ್ಲಿ, 1891ರಲ್ಲಿ, ಬೆಂಕಿ ಎಲ್ಲವನ್ನೂ ನುಂಗಿತು. ಯಕೃತ್ತಿನ ಬೇನೆಯೂ ಅವನನ್ನು ಹಾಸಿಗೆಗೆ ಕೆಡವಿತು. ಆದರೂ ಎದೆಗುಂದಲಿಲ್ಲ. ಅದೇ ಬೂಷ್ಟಿನಿಂದ ಜೀರ್ಣಕ್ಕೆ ನೆರವಾಗುವ ಟಾಕಾ-ಡಯಾಸ್ಟೇಸ್ ಎಂಬ ಔಷಧವನ್ನು ತೆಗೆದನು. ಪಾರ್ಕ್-ಡೇವಿಸ್ ಸಂಸ್ಥೆ ಅದನ್ನು ಮಾರಾಟಕ್ಕೆ ತಂದಿತು.

ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತ ಪುಟ್ಟ ಗ್ರಂಥಿಗಳ ರಸವು ರಕ್ತದ ಒತ್ತಡವನ್ನು ಏರಿಸುವುದೆಂದು ಇಂಗ್ಲೆಂಡಿನ ಆಲಿವರ್, ಶೇಫರ್ ಇಬ್ಬರೂ ಆ ದಶಕದಲ್ಲೇ ತೋರಿಸಿದ್ದರು. ಆ ರಸದ ಸಾರವನ್ನು ಬೇರ್ಪಡಿಸಲು ಪಂಡಿತರಲ್ಲಿ ಪೈಪೋಟಿಯೇ ನಡೆಯಿತು. ಅಮೆರಿಕದ ಜಾನ್ ಏಬೆಲ್ ಎಪಿನೆಫ್ರಿನ್ ಎಂದು ಸಾರಿದ್ದು ಶುದ್ಧ ವಸ್ತುವಾಗಿರದೆ ಇನ್ನೊಂದರೊಡನೆ ಬೆರೆತ ಸಂಯುಕ್ತವಾಗಿತ್ತು. ತಕಾಮಿನೆ ಏಬೆಲನ ಪ್ರಯೋಗಶಾಲೆಗೂ ಹೋಗಿ ನೋಡಿ ಬಂದನು.

1900ರಲ್ಲಿ ಕೇಜೋ ಉಯೆನಾಕಾ ಎಂಬ ತರುಣ ಜಪಾನಿನಿಂದ ಬಂದು ನ್ಯೂಯಾರ್ಕಿನಲ್ಲಿ ಅವನ ಸಹಾಯಕನಾದನು. ದನಗಳ ಗ್ರಂಥಿಗಳಿಂದ ತೆಗೆದ ರಸವನ್ನು ಹದಮಾಡುತ್ತ ಕುಳಿತ ಆ ತರುಣನ ಕೈಯಲ್ಲಿ ಜುಲೈ ತಿಂಗಳಲ್ಲಿ ಹರಳುಗಳು ಮೂಡಿದುವು. ನವೆಂಬರಿನಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಹೋಯಿತು. ಅದರಲ್ಲಿದ್ದುದು ತಕಾಮಿನೆಯೊಬ್ಬನ ಹೆಸರು. ದಾರಿಯನ್ನು ತೋರಿದವನು ಗುರು, ಹಣವನ್ನೂ ನೆಲೆಯನ್ನೂ ಒದಗಿಸಿದವನು ಗುರು, ನಿಜ. ಆದರೆ ಹರಳನ್ನು ಮೊದಲು ಕಂಡ ಕಣ್ಣು ಶಿಷ್ಯನದು. ಅವನ ಟಿಪ್ಪಣಿ ಪುಸ್ತಕ ಉಳಿದುಬಂದು ಈ ಸತ್ಯಕ್ಕೆ ಸಾಕ್ಷಿಯಾಗಿದೆ.

1911ರಲ್ಲಿ ಅಮೆರಿಕದ ನ್ಯಾಯಾಲಯವು ಹಕ್ಕುಪತ್ರವನ್ನು ಎತ್ತಿಹಿಡಿಯಿತು. ತಕಾಮಿನೆ ಶ್ರೀಮಂತನಾದನು, ಸಂಪತ್ತನ್ನು ಎರಡು ದೇಶಗಳ ಸ್ನೇಹಕ್ಕಾಗಿ ಧಾರಾಳವಾಗಿ ವ್ಯಯಿಸಿದನು. 1912ರಲ್ಲಿ ಟೋಕಿಯೋ ನಗರದ ಹೆಸರಿನಲ್ಲಿ ವಾಷಿಂಗ್‌ಟನ್ನಿಗೆ ಬಂದ ಚೆರಿ ಗಿಡಗಳ ಕಾಣಿಕೆಯ ಹಿಂದೆಯೂ ಅವನ ಕೈಯಿತ್ತು. 1922ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡು ಅಲ್ಲಿಯ ಮಣ್ಣಿಗೇ ಸೇರಿದನು.

ವಿಧಿಯ ವಿನೋದವೆಂದರೆ, ಅಮೆರಿಕದ ವೈದ್ಯರು ಇಂದಿಗೂ ಆ ಮದ್ದನ್ನು ಏಬೆಲ್ ಇಟ್ಟ ಹೆಸರಿನಿಂದಲೇ ಕರೆಯುತ್ತಾರೆ. ಸೋತವನ ಹೆಸರು ಸೀಸೆಯ ಮೇಲೆ ಉಳಿಯಿತು, ಗೆದ್ದವನ ಹೆಸರು ಗ್ರಂಥಗಳಲ್ಲಿ ಉಳಿಯಿತು. ದುಡಿದವನದು ಒಂದು ಟಿಪ್ಪಣಿ ಪುಸ್ತಕದಲ್ಲಿ. ನಿಂತ ಹೃದಯ ಮತ್ತೆ ಮಿಡಿದಾಗ ಈ ಮೂವರನ್ನೂ ನೆನೆಯುವುದು ನ್ಯಾಯ.