ಮೈಕು ಒಲ್ಲೆನೆಂದ ಮೃದಂಗ ಮಾಂತ್ರಿಕ ಪಾಲ್ಘಾಟ್ ಮಣಿ ಅಯ್ಯರ್

ಮನೆಯ ಕೋಣೆಯೊಂದನ್ನೇ ಸ್ಟುಡಿಯೋ ಮಾಡಿಕೊಂಡು ಮೃದಂಗದ ಮುಂದೆ ಮೈಕು ನಿಲ್ಲಿಸುವ ಇಂದಿನ ಯುವ ವಾದಕರಿಗೆ ಮೊದಲ ದಿನವೇ ತೊಡಕೊಂದು ಎದುರಾಗುತ್ತದೆ. ನುಡಿಸುವಾಗ ಕಿವಿಗೆ ಇಂಪಾಗಿದ್ದ ನಾದ ಮುದ್ರಣದಲ್ಲಿ ಬೇರೆಯೇ ಆಗಿರುತ್ತದೆ. ಈ ತೊಡಕನ್ನು ಅರ್ಧ ಶತಮಾನಕ್ಕೂ ಹಿಂದೆಯೇ ಗುರುತಿಸಿ, ಮೈಕಿನ ವಿರುದ್ಧ ಹಟ ಹಿಡಿದು ನಿಂತವರು ಪಾಲ್ಘಾಟ್ ಮಣಿ ಅಯ್ಯರ್.

ಅವರು ಜನಿಸಿದ್ದು 1912ರಲ್ಲಿ, ಕೇರಳದ ಪಾಲಕ್ಕಾಡ್ ಸೀಮೆಯಲ್ಲಿ. ಚಾತಪುರಂ ಸುಬ್ಬ ಅಯ್ಯರ್ ಅವರಲ್ಲಿ ಆರಂಭದ ಪಾಠ, ಮುಂದೆ ತಂಜಾವೂರು ವೈದ್ಯನಾಥ ಅಯ್ಯರ್ ಅವರ ಶಿಷ್ಯತ್ವ. ಬಾಲಕನ ಕೈಚಳಕಕ್ಕೆ ಮನಸೋತ ಚೆಂಬೈ ವೈದ್ಯನಾಥ ಭಾಗವತರು ಅವರನ್ನು ತಮ್ಮ ಕಛೇರಿಗಳಿಗೆ ಕರೆದೊಯ್ದರು. ಹದಿಹರೆಯದಲ್ಲೇ ಮದರಾಸಿನ ರಸಿಕರು ಅವರ ಹೆಸರು ಹೇಳತೊಡಗಿದ್ದರು. 1965ರಲ್ಲಿ ಎಡಿನ್‌ಬರೋ ಉತ್ಸವದಲ್ಲಿ ನುಡಿಸಿದರು. 1966ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಅವರಿಗೆ ಸಂದಿತು. ಮೃದಂಗ ವಾದಕರೊಬ್ಬರಿಗೆ ಆ ಗೌರವ ದೊರೆತದ್ದು ಅದೇ ಮೊದಲು. ಪದ್ಮಭೂಷಣ 1971ರಲ್ಲಿ ಬಂದಿತು.

ಬಿರುದುಗಳಿಗಿಂತ ಅವರಿಗೆ ವಾದ್ಯದ ನಾದವೇ ದೊಡ್ಡ ಚಿಂತೆಯಾಗಿತ್ತು. ಮೃದಂಗದ ಬಲಭಾಗದಲ್ಲಿ ಒಣಗಿದ ಕಪ್ಪು ಕರಣೆ, ಎಡಭಾಗದಲ್ಲಿ ಕಛೇರಿಯ ವೇಳೆಗೆ ಮೆತ್ತುವ ಒದ್ದೆ ರವೆ. ಬಲದ್ದು ಶ್ರುತಿಗೆ ಕೂಡಿದ ಸ್ಪಷ್ಟ ಧ್ವನಿ, ಎಡದ್ದು ಗುಮುಗುಡುವ ಮಂದ್ರ ಧ್ವನಿ. ತಂಜಾವೂರಿನ ಕುಶಲಕರ್ಮಿ ಪರ್ಲಾಂದು ಅವರ ವಾದ್ಯಗಳನ್ನು ಸಿದ್ಧಪಡಿಸುತ್ತಿದ್ದರು. ತೊಗಲು, ಮರ, ಕರಣೆಗಳ ವಿಷಯದಲ್ಲಿ ಅಯ್ಯರ್ ಅವರ ಕಿವಿಗೆ ಒಪ್ಪಿಗೆಯಾಗುವುದು ಸುಲಭವಿರಲಿಲ್ಲ. ವಾದಕನ ಕೀರ್ತಿಯಲ್ಲಿ ಇಂತಹ ಕರ್ಮಿಗಳ ಪಾಲೆಷ್ಟು ಎಂಬುದನ್ನು ಸಂಗೀತಲೋಕ ಬಹುಕಾಲ ಮರೆತಿತ್ತೆಂಬುದೂ ನಿಜ.

ಹೀಗೆ ಕಷ್ಟಪಟ್ಟು ಹದಗೊಳಿಸಿದ ನಾದವನ್ನು ಮೈಕು ಕೆಡಿಸುತ್ತದೆ ಎಂಬುದೇ ಅವರ ತಕರಾರು. ಸಹಜ ಧ್ವನಿಯ ಗುಣ ಮಾರ್ಪಡುತ್ತದೆ, ಗಾಯಕ ಮತ್ತು ಪಕ್ಕವಾದ್ಯಗಳ ನಡುವಿನ ಹದ ತಪ್ಪುತ್ತದೆ ಎಂದು ವಾದಿಸಿದ ಅವರು, ಮೈಕಿಲ್ಲದ ಕಛೇರಿಗಾಗಿ ಪಟ್ಟು ಹಿಡಿದರು. ದೊಡ್ಡ ಸಭಾಂಗಣಗಳ ಕಾಲದಲ್ಲಿ ಇದು ಸುಲಭದ ಮಾತಲ್ಲ. ಹಿಂದಿನ ಸಾಲಿನ ಶ್ರೋತೃವಿಗೆ ಸೂಕ್ಷ್ಮಗಳು ಕೇಳದೇ ಹೋಗುವ ಅಪಾಯವಿತ್ತು. ಸಂಘಟಕರಿಗೂ ಕಿರಿಕಿರಿಯೇ.

ಆದರೆ ತಾಂತ್ರಿಕವಾಗಿ ಅವರ ಕಿವಿ ತಪ್ಪಿರಲಿಲ್ಲ. ಒಂದು ದಿಕ್ಕಿನ ಧ್ವನಿಯನ್ನೇ ಹೆಚ್ಚು ಹಿಡಿಯುವ ಮೈಕನ್ನು ವಾದ್ಯಕ್ಕೆ ತೀರಾ ಹತ್ತಿರ ಇಟ್ಟರೆ ಮಂದ್ರ ಧ್ವನಿ ಅಸಹಜವಾಗಿ ಉಬ್ಬುತ್ತದೆ; ಎಡಗೈಯ ಗುಮುಕಿ ಗುಡುಗಾಗುತ್ತದೆ. ಬಲಭಾಗಕ್ಕೆ ಒತ್ತಿ ಇಟ್ಟರೆ ಬೆರಳಿನ ಪೆಟ್ಟು ಮಾತ್ರ ಚುರುಕಾಗಿ ಕೇಳಿ, ಅದರ ಹಿಂದಿನ ನಾದ ಸೊರಗುತ್ತದೆ. ಎರಡೂ ಮುಖಗಳ ಧ್ವನಿ ಬೆರೆಯಲು ನಡುವೆ ಒಂದಿಷ್ಟು ಗಾಳಿ ಬೇಕು. ಆದ್ದರಿಂದಲೇ ಇಂದು ಎಡಬಲಕ್ಕೆ ಒಂದೊಂದು ಮೈಕನ್ನು ತುಸು ದೂರದಲ್ಲಿ ಓರೆಯಾಗಿಟ್ಟು, ಎದುರಿನಿಂದ ಕೆಲವು ಅಡಿ ದೂರದಲ್ಲಿ ಮತ್ತೊಂದನ್ನು ನಿಲ್ಲಿಸುವ ಪದ್ಧತಿಯುಂಟು. ಮೈಕುಗಳು ಹೆಚ್ಚಿದಂತೆ ಒಂದರ ಧ್ವನಿ ಇನ್ನೊಂದರದನ್ನು ಅಳಿಸಿಹಾಕುವ ಪೀಡೆಯೂ ಉಂಟು; ಅಂತರವನ್ನು ಅಂಗುಲ ಅಂಗುಲವಾಗಿ ಸರಿಸಿ, ಮುದ್ರಿಸಿ, ಕೇಳಿಯೇ ನಿರ್ಧರಿಸಬೇಕು. ಬರಿಗೋಡೆಯ ಕೋಣೆಯಾದರೆ ಜಮಖಾನೆ, ದಪ್ಪ ಪರದೆಗಳ ನೆರವು ಬೇಕಾಗುತ್ತದೆ.

ಅಯ್ಯರ್ ತಮ್ಮ ಕೊನೆಯ ವರ್ಷಗಳಲ್ಲಿ ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿ ಶಾಲೆಯಲ್ಲಿ ಮಕ್ಕಳಿಗೆ ಮೃದಂಗ ಕಲಿಸಿದರು. ಪಾಲ್ಘಾಟ್ ರಘು, ಉಮಯಾಳ್ಪುರಂ ಶಿವರಾಮನ್ ಮೊದಲಾದವರು ಅವರ ಶಿಷ್ಯಪರಂಪರೆಗೆ ಸೇರಿದವರು. 1981ರ ಮೇ 30ರಂದು ಅವರು ನಿಧನರಾದರು.

ಇಂದು ಕೇಳಸಿಗುವ ಅವರ ವಾದನದ ಬಹುಪಾಲು ಹಳೆಯ ಕಛೇರಿಗಳ ಮುದ್ರಣ. ಗಾಯಕರ ಕಂಠದ ಹಿಂದೆ, ಸಭಿಕರ ಕೆಮ್ಮು ಚಪ್ಪಾಳೆಗಳ ನಡುವೆ, ಆ ಎಡಗೈಯ ಗುಮುಕಿ ಒಮ್ಮೆ ಸ್ಪಷ್ಟವಾಗಿ, ಒಮ್ಮೆ ಮಸುಕಾಗಿ ಕೇಳಿಬರುತ್ತದೆ. ಅವರನ್ನು ಎದುರಿಗೆ ಕೂತು ಕೇಳದ ತಲೆಮಾರಿಗೆ ಅವರ ನಾದ ತಲುಪಿರುವುದು ಅವರು ಬೇಡವೆಂದ ಮೈಕಿನಿಂದಲೇ.