ಚಂದ್ರನಿಗೆ ಹೋಗುವುದು ವಿಕ್ರಮ್ ಸಾರಾಭಾಯಿ ಕನಸಾಗಿತ್ತೇ? ಉತ್ತರ ಕಲಬುರಗಿಯಲ್ಲಿದೆ

2023ರ ಆಗಸ್ಟ್ 23ರ ಸಂಜೆ ಚಂದ್ರನ ಮೇಲೆ ಇಳಿದ ಲ್ಯಾಂಡರ್‌ನ ಹೆಸರು ವಿಕ್ರಮ್. ಇಸ್ರೊ ಕಟ್ಟಿದ ವಿಕ್ರಮ್ ಸಾರಾಭಾಯಿ ಅವರ ನೆನಪಿಗೆ ಇಟ್ಟ ಹೆಸರದು. ಹಾಗಾಗಿ ಚಂದ್ರಯಾನ ಅವರದೇ ಕನಸು ಎಂದು ನಂಬಿ ನಾವು ಫಾರ್ವರ್ಡ್ ಮಾಡುತ್ತೇವೆ. ಇನ್ನೊಂದು ಬಗೆಯ ಫಾರ್ವರ್ಡ್ ಕೂಡ ಬರುತ್ತದೆ: ರಾಕೆಟ್ ಹಾರಿಸಿದರೆ ಹಳ್ಳಿಯವರಿಗೆ ಏನು ಸಿಕ್ಕಿತು? ಎರಡಕ್ಕೂ ಉತ್ತರ ಅವರ ಬದುಕಿನಲ್ಲೇ ಇದೆ.

ಸಾರಾಭಾಯಿ ಹುಟ್ಟಿದ್ದು 1919ರಲ್ಲಿ, ಅಹಮದಾಬಾದಿನ ಗಿರಣಿ ಮಾಲೀಕರ ಮನೆಯಲ್ಲಿ. ಕೇಂಬ್ರಿಡ್ಜ್‌ನಲ್ಲಿ ಓದುತ್ತಿದ್ದಾಗ ಎರಡನೇ ಮಹಾಯುದ್ಧ ಶುರುವಾಯಿತು. ಊರಿಗೆ ಮರಳಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿ, ಸಿ.ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳ ಅಧ್ಯಯನ ಮಾಡಿದರು. 1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ಮೊದಲ ರಾಕೆಟ್ ಹಾರಿತು. ಅದು ಅಮೆರಿಕದಿಂದ ಬಂದ ರಾಕೆಟ್, ಕಚೇರಿ ಮಾತ್ರ ಹಳೆಯ ಚರ್ಚ್‌ನಲ್ಲಿ.

1969ರ ಜುಲೈನಲ್ಲಿ ಅಮೆರಿಕನ್ನರು ಚಂದ್ರನ ಮೇಲೆ ಕಾಲಿಟ್ಟರು. ಆಗಸ್ಟ್ 15ರಂದು ಇಸ್ರೊ ಹುಟ್ಟಿತು. ಸೆಪ್ಟೆಂಬರ್‌ನಲ್ಲಿ ನಾಸಾ ಜೊತೆ ಒಪ್ಪಂದವೂ ಆಯಿತು. ಚಂದ್ರನಿಗೆ ಹೋಗಲೆಂದೋ? ಅಲ್ಲ. ನಮ್ಮ ಹಳ್ಳಿಗಳಿಗೆ ಟಿವಿ ತೋರಿಸಲು ಒಂದು ವರ್ಷದ ಮಟ್ಟಿಗೆ ಉಪಗ್ರಹ ಬಳಸಿಕೊಳ್ಳಲೆಂದು! ಚಂದ್ರ, ಗ್ರಹಗಳಿಗೆ ಹೋಗುವ ಪೈಪೋಟಿ ನಮಗೆ ಬೇಡ, ಈ ತಂತ್ರಜ್ಞಾನ ಜನರ ಕಷ್ಟಕ್ಕೆ ಆಗಬೇಕು ಎಂಬುದೇ ಅವರ ನಿಲುವಾಗಿತ್ತು.

ಆ ಟಿವಿಯನ್ನು ಅವರು ನೋಡಲಿಲ್ಲ. 1971ರ ಡಿಸೆಂಬರ್ 30ರಂದು ಕೋವಳಂನಲ್ಲಿ ತೀರಿಕೊಂಡರು. ವಯಸ್ಸು ಬರೀ 52.

1975ರ ಆಗಸ್ಟ್ 1ರಂದು ಆ ಪ್ರಯೋಗ ಶುರುವಾಯಿತು. ಹೆಸರು ಸೈಟ್. ಆರು ರಾಜ್ಯಗಳ 20 ಜಿಲ್ಲೆಗಳ ಸುಮಾರು 2,400 ಹಳ್ಳಿಗಳು ಅದರಲ್ಲಿದ್ದವು. ಕರ್ನಾಟಕದಿಂದ ಆಯ್ಕೆಯಾದದ್ದು ಬಿಜಾಪುರ, ರಾಯಚೂರು ಮತ್ತು ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿರುವ ಗುಲ್ಬರ್ಗ, ಅಂದರೆ ಇಂದಿನ ಕಲಬುರಗಿ. ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹದಿಂದ ಬಂದ ಸಂಕೇತವನ್ನು ತಂತಿ ಜಾಲರಿಯ ದೊಡ್ಡ ಬುಟ್ಟಿಯಂಥ ಆಂಟೆನಾ ಹಿಡಿಯುತ್ತಿತ್ತು. ಬೆಳಿಗ್ಗೆ ಶಾಲೆ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯದ ವಿಷಯ. ಅರವತ್ತು ದಾಟಿದವರು ಮನೆಯಲ್ಲಿದ್ದರೆ ಒಮ್ಮೆ ಕೇಳಿ ನೋಡಿ. 1976ರ ಜುಲೈ 31ಕ್ಕೆ ವರ್ಷ ಮುಗಿಯಿತು, ಉಪಗ್ರಹ ವಾಪಸ್ ಹೋಯಿತು. ಮರುವರ್ಷ ಗುಲ್ಬರ್ಗದಲ್ಲಿ ದೂರದರ್ಶನ ಕೇಂದ್ರ ಬಂತು. ಬೆಂಗಳೂರಿಗೆ ಬಂದದ್ದು 1981ರಲ್ಲಿ! ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.

ಹಾಗಾದರೆ ಚಂದ್ರಯಾನ ಅವರ ದಾರಿ ಬಿಟ್ಟಿತೇ? ನಮಗೆ ಹಾಗೆ ಅನಿಸುವುದಿಲ್ಲ. ಅವರು ಬೇಡವೆಂದದ್ದು ಪೈಪೋಟಿಯನ್ನು, ವಿಜ್ಞಾನವನ್ನಲ್ಲ. 2008ರಲ್ಲಿ ಹೊರಟ ಮೊದಲ ಚಂದ್ರಯಾನ ಚಂದ್ರನಲ್ಲಿ ನೀರಿನ ಕುರುಹು ತೋರಿಸಿತು. 2019ರಲ್ಲಿ ಇದೇ ಹೆಸರಿನ ಲ್ಯಾಂಡರ್ ಅಪ್ಪಳಿಸಿ ಹಾಳಾಯಿತು. 2023ರ ವಿಕ್ರಮ್ ನೆಲಕ್ಕೆ ಥರ್ಮಾಮೀಟರ್ ಚುಚ್ಚಿತು. ಮೇಲೆ ಸುಮಾರು 50 ಡಿಗ್ರಿ, ಕಲಬುರಗಿಯ ಮೇ ತಿಂಗಳನ್ನೂ ಮೀರಿಸುವ ಬಿಸಿ. ನಾಲ್ಕು ಬೆರಳು ಕೆಳಗೆ, 8 ಸೆಂ.ಮೀ. ಆಳದಲ್ಲಿ, ಸೊನ್ನೆಗಿಂತ 10 ಡಿಗ್ರಿ ಕಡಿಮೆ. ಚಂದ್ರನ ಮೇಲ್ಮಣ್ಣು ಶಾಖವನ್ನು ಒಳಗೆ ಬಿಡುವುದೇ ಇಲ್ಲ ಎನ್ನುವಷ್ಟು ಕಡಿಮೆ.

ಅಂದಹಾಗೆ, ಚಂದ್ರನ ಒಂದು ಕುಳಿಗೆ ಸಾರಾಭಾಯಿ ಎಂದು ಹೆಸರಿಟ್ಟದ್ದು 1973ರಲ್ಲೇ.